ಕಾಫಿ ಕಣದ ನಡುಗೆರೆ

ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುವವನನ್ನು ಮನೆಯ ಕೆಲಸಕ್ಕೆ ಕರೆಯಬಾರದು. ಕರೆದರೂ ಅವನು ಹೋಗಬಾರದು. ಈ ಬುದ್ಧಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ್ದರಿಂದ ನಾನೀಗ ಸುಸ್ತಾಗಿ ಕೂತಿದ್ದೇನೆ. ಮೊದಲೇ ಕಾಲೇಜಿನಲ್ಲಿ ದಿನವಿಡೀ, ಅಂಚಿಗೆ ದಪ್ಪ ಗೆರೆ, ಮರೆಯಲ್ಲಿರುವುದಕ್ಕೆ ತುಂಡು ಗೆರೆ, ನಡುವಿಗೆ ಒಂದು ಉದ್ದ ಒಂದು ಗಿಡ್ಡ ಎಂದು ಹೇಳಿ ಹೇಳಿ ಗಂಟಲು ಒಣಗಿರುತ್ತದೆ. ಹುಡುಗರು ಎಲ್ಲದಕ್ಕೂ ಒಂದೇ ಗೆರೆ ಎಳೆಯುತ್ತಾರೆ. ಕೇಳಿದರೆ, "ಗೊತ್ತಾಗ್ತದಲ್ಲ ಸರ್" ಎನ್ನುತ್ತಾರೆ. ಅದನ್ನೇ ಮೆಲುಕು ಹಾಕುತ್ತ ಮಡಿಕೇರಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬರುತ್ತೇನೆ.

ನಮ್ಮ ಮನೆಯೂ ಅಣ್ಣನ ಮನೆಯೂ ಎದುರುಬದುರು. ನಡುವೆ ಅಪ್ಪ ಮಾಡಿಸಿದ ಸಿಮೆಂಟಿನ ಕಣ. ತೋಟ ಪಾಲಾದರೂ ಕಾಫಿ ಒಣಗಿಸುವ ಕಣ ಪಾಲಾಗಿರಲಿಲ್ಲ. ಈ ಸಲ ಕೊಯ್ಲಿನಲ್ಲಿ ಎರಡೂ ಮನೆಯವರು ಒಟ್ಟಿಗೆ ಹಣ್ಣು ಹರಡಿ, ಒಣಗಲೆಂದು ಎಳೆದು ಮಗುಚುವಾಗ ಒಬ್ಬರದು ಇನ್ನೊಬ್ಬರದರಲ್ಲಿ ಬೆರೆತುಹೋಯಿತು. ನನ್ನ ಹೆಂಡತಿಗೂ ಅತ್ತಿಗೆಗೂ ಮಾತು ನಿಂತಿತು. ಅಣ್ಣ ನನ್ನ ಹತ್ತಿರ ಬಂದ. "ಡ್ರಾಯಿಂಗ್ ಮೇಷ್ಟ್ರಲ್ವ ಮಾರಾಯ ನೀನು, ಮಧ್ಯಕ್ಕೆ ಒಂದು ಗೆರೆ ಹಾಕಿಬಿಡು. ಜಗಳ ಮುಗೀತದೆ."

ಟೇಪು ಹಿಡಿದು ಅರ್ಧ ಮಾಡಿದ್ದರೆ ಕಾಲು ಗಂಟೆಯ ಕೆಲಸ. ಆದರೆ ಅರ್ಧ ಮಾಡುವುದು ಅಳತೆಯಿಂದಲ್ಲ, ಕೈವಾರದಿಂದ ಎಂದು ಜೀವಮಾನವಿಡೀ ಹುಡುಗರನ್ನು ಬೈದವನು ಟೇಪು ಮುಟ್ಟುವುದು ಹೇಗೆ? ಹಗ್ಗವನ್ನೇ ಕೈವಾರ ಮಾಡಿದೆ. ನಮ್ಮ ಮೆಟ್ಟಿಲ ಬುಡದಲ್ಲಿ ಅಣ್ಣ ಒಂದು ತುದಿ ಒತ್ತಿ ಹಿಡಿದ. ನಾನು ಇನ್ನೊಂದು ತುದಿ ಹಿಡಿದು ಸುಣ್ಣದ ಪುಡಿ ಉದುರಿಸುತ್ತ ಒಂದು ಕಮಾನು ಎಳೆದೆ. ಅದೇ ಹಗ್ಗದಲ್ಲಿ ಅವರ ಮೆಟ್ಟಿಲಿಂದ ಇನ್ನೊಂದು. ಎರಡೂ ಕಮಾನು ದಾಟುವ ಎರಡು ಜಾಗ ಸೇರಿಸಿದರೆ ಸರಿಯಾದ ಮಧ್ಯ.

"ಇದೆಂಥದ್ದು ರೀ, ಮೀನು ಬರೆದಿದ್ದೀರಿ?" ಎಂದಳು ಹೆಂಡತಿ.

"ಅಳಿಸಬೇಡ, ಮಾರ್ಕ್ಸ್ ಹೋಗ್ತದೆ" ಎಂದೆ. ಅಭ್ಯಾಸಬಲ.

ತಪ್ಪಾದದ್ದು ಆಮೇಲೆ. ನಡುಗೆರೆಯನ್ನು ಇಡಿಯಾಗಿ ಎಳೆಯಲು ನನಗೆ ಕೈ ಬರುವುದಿಲ್ಲ. ಒಂದು ಉದ್ದ, ಸ್ವಲ್ಪ ಬಿಡುವು, ಒಂದು ಗಿಡ್ಡ, ಮತ್ತೆ ಬಿಡುವು, ಹೀಗೆ ನಿಯಮದಂತೆ ಹಾಕಿ, ಬೆನ್ನು ಹಿಡಿದುಕೊಂಡು ಒಳಗೆ ಹೋದೆ. ಮರುದಿನ ನೋಡಿದರೆ ಅತ್ತಿಗೆಯ ಕಾಫಿ ಬಿಡುವುಗಳಲ್ಲಿ ನುಗ್ಗಿ ನಮ್ಮ ಕಡೆ ಬಂದಿದೆ. ನಮ್ಮದು ಬೇರೆ ಬಿಡುವುಗಳಲ್ಲಿ ನುಗ್ಗಿ ಆ ಕಡೆ ಹೋಗಿದೆ.

"ಗೆರೆ ಇಲ್ಲದ ಕಡೆ ಹಾಕಿದ್ದು ನಾನು. ಬಿಟ್ಟದ್ದು ಯಾರು? ನೀನೇ ಅಲ್ವ?" ಎಂದು ಅತ್ತಿಗೆ ನನ್ನನ್ನೇ ಕೇಳಿದರು.

ಕೊನೆಗೆ ಅತ್ತಿಗೆಯೇ ಬಕೆಟ್ಟಿನಲ್ಲಿ ಸುಣ್ಣ ಕಲಸಿ ತಂದು, ಈ ತುದಿಯಿಂದ ಆ ತುದಿಗೆ ಅಂಗೈಯಗಲ ಬಳಿದುಬಿಟ್ಟರು. "ಈಗ ನೋಡು, ಗೆರೆ ಅಂದ್ರೆ ಇದು" ಎಂದ ಅಣ್ಣ. ಕಾಫಿ ಅವರವರ ಕಡೆ ನಿಂತಿತು. ಎಲ್ಲರಿಗೂ ಸಮಾಧಾನ.

ನನಗೆ ಮಾತ್ರ ಸಂಕಟ. ಡ್ರಾಯಿಂಗಿನಲ್ಲಿ ದಪ್ಪ ಗೆರೆ ಎಂದರೆ ಅಂಚು, ವಸ್ತು ಅಲ್ಲಿಗೆ ಮುಗಿಯಿತು ಎಂದರ್ಥ. ನಾನು ಹಾಕಿದ ಗೆರೆ, ಇದು ಒಂದೇ ಕಣ, ಇದರ ಮಧ್ಯ ಇಲ್ಲಿದೆ ಎಂದಷ್ಟೇ ಹೇಳುತ್ತಿತ್ತು. ಇದನ್ನು ಮನೆಯಲ್ಲಿ ಯಾರಿಗೆ ಹೇಳುವುದು? ಹುಡುಗರ ತಲೆಗೇ ಹತ್ತಿಲ್ಲ.

ತಡೆಯಲಾರದೆ ಒಂದು ಬೆಳಿಗ್ಗೆ ಒದ್ದೆ ಗೋಣಿ ಹಿಡಿದು, ಮಂಡಿಯೂರಿ, ಒಂದು ಉದ್ದ ಒಂದು ಗಿಡ್ಡ ಉಳಿಯುವಂತೆ ಆ ಗೆರೆಯನ್ನು ಲೆಕ್ಕಾಚಾರವಾಗಿ ಅಲ್ಲಲ್ಲಿ ಉಜ್ಜುತ್ತಿದ್ದೆ. ಎರಡೂ ಬಾಗಿಲು ಒಟ್ಟಿಗೇ ತೆರೆದವು.

"ಇವರಿಗೆ ಬುದ್ಧಿ ಇದೆಯಾ ಅಕ್ಕ, ನೀವೇ ಹೇಳಿ!" ಎಂದಳು ಹೆಂಡತಿ.

"ಮೊದಲಿಂದ್ಲೂ ಹೀಗೇ ಕಣೇ. ನೀನು ಬಂದದ್ದು ಆಮೇಲೆ" ಎಂದರು ಅತ್ತಿಗೆ.

ಇಬ್ಬರೂ ಗೆರೆಯ ಹತ್ತಿರ ಬಂದು ನಿಂತು, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡು, ಬಿಸಿಲೇರುವವರೆಗೆ ನನ್ನನ್ನು ಬೈದರು. ಕಾಫಿ ಬೆರೆತು ಮಾತು ನಿಂತ ಮೇಲೆ ಅವರಿಬ್ಬರು ಮಾತಾಡಿದ್ದು ಅದೇ ಮೊದಲು. ಮಂಡಿ ಇನ್ನೂ ನೋಯುತ್ತಿದೆ. ಆದರೂ ವಾರಕ್ಕೊಮ್ಮೆಯಾದರೂ ಅಳಿಸಬೇಕೆಂದು ಗೋಣಿಯನ್ನು ನೆನೆಹಾಕಿದ್ದೇನೆ.