ಅಳಿಯನ ಕೈಗೆ ಹಸಿರು ಬಳೆ

ಅಷ್ಟೆಲ್ಲ ರಂಪಕ್ಕೆ ಕಾರಣ ಒಂದೇ ಒಂದು ಹಸಿರು ಗಾಜಿನ ಬಳೆ. ಅದನ್ನು ತೊಡಲು ಹೋಗಿ ಒದ್ದಾಡಿದ್ದು ಬಸುರಿಯಲ್ಲ, ಬಸುರಿಯ ಗಂಡ.

ಬ್ರೂಕ್‌ಫೀಲ್ಡ್‌ನ ಅಪಾರ್ಟ್‌ಮೆಂಟೊಂದರ ಪ್ರಸನ್ನ ಐಟಿ ಕಂಪನಿಯಲ್ಲಿ ಟೀಮ್ ಲೀಡ್. ಹೆಂಡತಿ ಲಾವಣ್ಯಳಿಗೆ ಒಂಬತ್ತು ತುಂಬಿತ್ತು. ಇಬ್ಬರೂ ಪ್ರತಿ ಶನಿವಾರ ಹೆರಿಗೆ ತಯಾರಿಯ ತರಗತಿಗೆ ಹೋಗುತ್ತಿದ್ದರು. ಉಸಿರನ್ನು ಗಮನಿಸುವುದು, ನೋವು ತಡೆಯುವ ಅಭ್ಯಾಸಕ್ಕೆಂದು ಐಸ್ ತುಂಡನ್ನು ಅಂಗೈಯಲ್ಲಿ ಹಿಡಿದು ಕೂರುವುದು. ಹೆರಿಗೆ ನೋವು ಗಾಯದ ನೋವಿನಂತಲ್ಲ, ಗರ್ಭಕೋಶ ತನ್ನ ಕೆಲಸ ಮಾಡುತ್ತಿರುವ ಗುರುತು, ಹೆದರಿದಷ್ಟೂ ಹೆಚ್ಚುತ್ತದೆ ಎಂದು ಅಲ್ಲಿ ತಿಳಿಸಿ ಹೇಳುತ್ತಿದ್ದರು. ಒಳ್ಳೆಯ ಪಾಠವೇ. ಲಾವಣ್ಯ ಕಲಿತು ಸುಮ್ಮನಿದ್ದಳು. ಪ್ರಸನ್ನ ಕಲಿಯದೆಯೇ ಗುರುವಾಗಿಬಿಟ್ಟ.

ಮನೆಯಲ್ಲಿ ‘ನೋವು’ ಎಂಬ ಮಾತನ್ನೇ ನಿಷೇಧಿಸಿದ. ‘ಅಲೆ’ ಅನ್ನಬೇಕಂತೆ! ಬೇಗೂರಿನಿಂದ ಬಂದಿದ್ದ ಅತ್ತೆ ಪಿಳ್ಳಮ್ಮ “ಮಂಡಿ ನೋವು ಕಣಪ್ಪ” ಎಂದರೆ, “ಮಂಡಿ ಅಲೆ ಅನ್ನಿ ಅತ್ತೆ” ಎಂದು ತಿದ್ದುವಷ್ಟು ದೊಡ್ಡ ಮನುಷ್ಯ. ತರಗತಿಯಲ್ಲಿ ಐಸ್ ತುಂಡು ಲಾವಣ್ಯಳ ಅಂಗೈಯಲ್ಲಿ ಕರಗಿ ನೀರಾಗುತ್ತಿತ್ತು. ಈ ಮಹಾನುಭಾವನದು ಪ್ರತಿ ಸಲವೂ ‘ಜಾರಿ’ ಬೀಳುತ್ತಿತ್ತು.

ಅವನ ಆಸೆಯೆಲ್ಲ ಒಂದೇ. ಹೆರಿಗೆ ಕೋಣೆಯೊಳಗೆ ಹೆಂಡತಿಯ ಪಕ್ಕ ನಿಂತು, ಎಲ್ಲರಿಗಿಂತ ಮೊದಲು ಮಗುವನ್ನು ನೋಡಬೇಕು. ಆದರೆ ಡಾಕ್ಟರ್ ದಿವ್ಯಾ ಮೊದಲೇ ಹೇಳಿಬಿಟ್ಟಿದ್ದರು, ಒಳಗೆ ಬಿಡುವುದು ಒಬ್ಬರನ್ನು ಮಾತ್ರ, ಅವರೂ ಗಲಾಟೆ ಮಾಡದೆ ಧೈರ್ಯ ಹೇಳುವಂಥವರಾಗಿರಬೇಕು.

“ನಾನಿದೀನಲ್ಲ,” ಎಂದಿದ್ದ ಪ್ರಸನ್ನ.

“ನೋಡಾಣ,” ಎಂದಿದ್ದಳು ಪಿಳ್ಳಮ್ಮ.

ಭಾನುವಾರ ಕ್ಲಬ್‌ಹೌಸಿನಲ್ಲಿ ಸೀಮಂತ. ಹೆಂಗಸರೆಲ್ಲ ಬಳೆಗಾರ ಮಲಕಪ್ಪನ ಸುತ್ತ ಕೂತು ಬಳೆ ತೊಡಿಸಿಕೊಳ್ಳುತ್ತಿದ್ದರು. ಮರ್ಯಾದೆಯಾಗಿ ಒಂದು ಕಡೆ ಕೂತು ಹೋಳಿಗೆ ತಿನ್ನುವುದು ಬಿಟ್ಟು ಪ್ರಸನ್ನ ಮೈಕ್ ಹಿಡಿದ. ಗೋಡೆಯ ಮೇಲೆ ಸ್ಲೈಡು ಬಿತ್ತು.

“ನೋವು ಅನ್ನೋದೆಲ್ಲಾ ಮೈಂಡಲ್ಲಿ ಕಣ್ರೀ. ಉಸಿರು ಗಮನಿಸಿದ್ರೆ ಸಾಕು, ಅಲೆ ಥರ ಬಂದು ಹೊರಟೋಗುತ್ತೆ.”

“ಬರೀ ಬಾಯಲ್ಲಿ ಹೇಳ್ಬೇಡ ಗುರು, ಮಾಡಿ ತೋರ್ಸು,” ಎಂದ ಮೇಲಿನ ಮನೆಯ ಮಲ್ಲಿಕ್, ಫೋನೆತ್ತಿ ವಿಡಿಯೋ ಮಾಡುತ್ತ.

ಸುಮ್ಮನಿರಬಾರದಿತ್ತೆ? “ಬಳೆಗಾರ್ರೇ, ಚಿಕ್ಕ ಸೈಜಿಂದು ಒಂದು ನನ್ ಕೈಗೆ ಹಾಕಿ,” ಎಂದು ಕೈ ಚಾಚಿದ.

ಮಲಕಪ್ಪನೂ ಜಂಬದಲ್ಲಿ ಕಡಿಮೆಯವನಲ್ಲ. “ಎಂಥಾ ಕೈ ಇದ್ರೂ ಏರಸ್ತೀನ್ರೀ ಸಾಹೇಬ್ರ. ಇವತ್ತಿನ ತನಕಾ ನನ್ನ ಕೈಯಾಗ ಒಂದ್ ಬಳಿ ಒಡದಿಲ್ಲ,” ಎಂದು ಅವನ ಗೆಣ್ಣುಗಳನ್ನು ಹಿಸುಕಿ ಬಳೆ ನೂಕಿದ. ಅದು ಹೆಬ್ಬೆರಳಿನ ಬುಡದವರೆಗೆ ಹೋಗಿ ನಿಂತಿತು. ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

“ಅಯ್ಯಯ್ಯಪ್ಪಾ! ಅಮ್ಮಾ! ತೆಗೀರೋ!” ಮೈಕ್ ಇನ್ನೂ ಬಾಯಿಯ ಹತ್ತಿರವೇ ಇದ್ದದ್ದರಿಂದ ಇಡೀ ಅಪಾರ್ಟ್‌ಮೆಂಟಿಗೆ ಕೇಳಿಸಿತು.

“ಉಸಿರು ಗುರು, ಉಸಿರು,” ಎಂದ ಮಲ್ಲಿಕ್, ಫೋನು ಇಳಿಸದೆ.

ಲಾವಣ್ಯ ಕುರ್ಚಿಯ ಕೈ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರು ಬಿಟ್ಟಳು. ಪಾಪ, ಗಂಡನ ಅವತಾರ ನೋಡಲಾರದೆ ಕಣ್ಮುಚ್ಚಿದ್ದಾಳೆ ಎಂದು ಹೆಂಗಸರು ಮರುಗಿದರು.

ಒಬ್ಬರು ಸೋಪು ತಂದರು, ಒಬ್ಬರು ಎಣ್ಣೆ. ಹೋಳಿಗೆಯ ತುಪ್ಪವೂ ಬಂತು. ಕೈ ಬೋಂಡದಂತೆ ಊದಿತು. ಮಲ್ಲಿಕ್ ಹೋಗಿ ಐಸ್ ತಂದು ಅಂಗೈಯಲ್ಲಿಟ್ಟ. ಅದಕ್ಕೆ ಕೂಗು ಇನ್ನಷ್ಟು ಏರಿತು.

“ಒಡೆದಾದ್ರೂ ಹಾಕ್ರೋ!”

“ಬಿಡ್ತು ಅನ್ನಿ!” ಎಂದು ಪಿಳ್ಳಮ್ಮ ಗದರಿದಳು. “ಸೀಮಂತದ ದಿನ ಅಂಗನ್ನಬೌದಾ? ಎರಿಗೆ ಆಗೋಗಂಟ ಇಂಗೇ ಇರ್ಲಿ.”

“ನಾನಂತೂ ಒಡಿಯಂಗಿಲ್ರೀ, ನನ್ನ ಹೆಸರು ಕೆಡ್ತದ,” ಎಂದು ಮಲಕಪ್ಪ ಕೈ ಕಟ್ಟಿ ನಿಂತ.

ಲಾವಣ್ಯ ಮತ್ತೊಮ್ಮೆ ಕಣ್ಣು ಮುಚ್ಚಿ ತೆರೆದಳು. ಮೆಲ್ಲಗೆ ಎದ್ದು, “ಮಲ್ಲಿಕ್, ಕಾರು ತೆಗೀರಿ. ಆಸ್ಪತ್ರೆಗೆ ಹೋಗೋಣ,” ಎಂದಳು.

“ನನ್ ಕಷ್ಟ ಅರ್ಥವಾಗಿದ್ದು ಇವಳೊಬ್ಬಳಿಗೇ,” ಎಂದು ಪ್ರಸನ್ನ ಅತ್ತೇಬಿಟ್ಟ.

ಕಾರಿನಲ್ಲಿ ಮುಂದಿನ ಸೀಟು ಅವನಿಗೆ. ಆಸ್ಪತ್ರೆಯ ಬಾಗಿಲಿನಲ್ಲಿ ಅವನ ಕೂಗು ಕೇಳಿ ಸಿಬ್ಬಂದಿ ಓಡಿ ಬಂದು ಗಾಲಿಕುರ್ಚಿ ತಂದರು. ನಾಚಿಕೆಯಿಲ್ಲದೆ ಅದರಲ್ಲಿ ಕೂತ. ಲಾವಣ್ಯ ಅಮ್ಮನ ಭುಜ ಹಿಡಿದು ಹಿಂದೆ ನಡೆದು ಬಂದಳು.

“ಬಳೆ ತೆಗೆಸೋಕೆ ನನ್ ಹತ್ರ ಯಾಕ್ರೀ ಕರ್ಕೊಂಡ್ ಬಂದ್ರಿ?” ಎಂದರು ಡಾಕ್ಟರ್ ದಿವ್ಯಾ.

“ಅವರಿಗಲ್ಲ ಡಾಕ್ಟ್ರೇ, ನಂಗೆ,” ಎಂದಳು ಲಾವಣ್ಯ. “ಬೆಳಿಗ್ಗೆಯಿಂದ ಬರ್ತಾ ಇದೆ. ಈಗ ಒಂದರ ಹಿಂದೆ ಒಂದು.”

ಪ್ರಸನ್ನ ಗಾಲಿಕುರ್ಚಿಯಿಂದ ಎದ್ದು ನಿಂತ. “ಹೇಳೋದಲ್ವೇನೇ?”

“ಹೇಳೋಣ ಅಂತಾನೇ ಇದ್ದೆ. ನೀವು ಮೈಕ್ ಹಿಡ್ಕೊಂಡಿದ್ರಿ.”

“ಮೇಡಂ, ಒಳಗೆ ನಾನೇ ಬರ್ತೀನಿ, ನಾನು ಟ್ರೈನಿಂಗ್ ತಗೊಂಡಿ... ಅಯ್ಯಮ್ಮಾ!” ನರ್ಸ್ ಆಗಷ್ಟೇ ಬಳೆಯನ್ನು ಮುಟ್ಟಿದ್ದಳು. ಡಾಕ್ಟರ್ ಅವನ ಕಡೆ ಒಮ್ಮೆ ನೋಡಿ, ಪಿಳ್ಳಮ್ಮನಿಗೆ ಕೈ ಸನ್ನೆ ಮಾಡಿದರು. ಬಾಗಿಲು ಮುಚ್ಚಿತು.

ಒಡೆಯಬಾರದೆನ್ನಲು ಈಗ ಯಾರೂ ಇರಲಿಲ್ಲ. ನರ್ಸ್ ಬಟ್ಟೆ ಸುತ್ತಿ ಒಂದೇ ಏಟಿಗೆ ಬಳೆ ಒಡೆದಳು. ಏಟು ಬೀಳುವ ಮೊದಲೇ ಪ್ರಸನ್ನ ಮೂರ್ಛೆ ಹೋಗಿದ್ದ.

ಎಚ್ಚರವಾದಾಗ ಸಂಜೆ ಬಿಸಿಲು. ಒಳಗಿನಿಂದ ಮಗುವಿನ ಅಳು ಕೇಳಿಸುತ್ತಿತ್ತು. ಪಿಳ್ಳಮ್ಮ ಬಾಗಿಲು ಸರಿಸಿ ತಲೆ ಹಾಕಿದಳು.

“ಎಣ್ ಮಗ ಅಳಿಯಂದ್ರೆ. ಮೊದ್ಲು ನಾನೇ ನೋಡ್ದೆ. ಲಾವಣ್ಯ ಒಂದೆರಡ್ ಸಲ ಕೂಗಿದ್ಳು ಅಷ್ಟೇಯ, ಚೆನ್ನಾಗವ್ಳೆ.”

“ಪಾಪು ಯಾರ ಥರ ಅತ್ತೆ?” ಆಸೆ ತಡೆಯದೆ ಕೇಳಿದ.

“ನಿಮ್ ತರಾನೇಯ. ಒಂದು ಸೂಜಿ ಚುಚ್ಚಿದ್ಕೆ ಆಸ್ಪತ್ರೇನೇ ಎದ್ದೋಗಂಗೆ ಬಾಯ್ ಬಡ್ಕತಾ ಅದೆ.”

“ಅಯ್ಯೋ, ಎಷ್ಟು ನೋವಾಯ್ತೋ ನನ್ ಬಂಗಾರಿಗೆ!”

“ನೋವಲ್ಲ ಅಳಿಯಂದ್ರೆ, ಅಲೆ,” ಎಂದು ಪಿಳ್ಳಮ್ಮ ಬಾಗಿಲು ಹಾಕಿಕೊಂಡಳು.