ಹನ್ನೊಂದನೆಯ ಹೊರೆ

ಕೋಲು ಕಳೆದದ್ದು ನಿದ್ದೆಯಲ್ಲಿ. ಸಾವಕಾಶಪ್ಪ ಮಾತ್ರ ಕೊನೆಯವರೆಗೂ ಗಾಳಿಯನ್ನೇ ದೂರಿದ. ಮರದ ಕೆಳಗೆ ಅಷ್ಟು ತಂಪಾಗಿ ಬೀಸಿದರೆ ಯಾವ ಮನುಷ್ಯ ತಾನೇ ಕಣ್ಣು ಬಿಟ್ಟುಕೊಂಡಿರುತ್ತಾನೆ?

ಆ ಊರಿನ ಕಾಡು ಊರಿನವರದೇ. ದಿನಕ್ಕೊಂದು ಮನೆಯವರು ಅದನ್ನು ಕಾಯಬೇಕು. ಹತ್ತಾರು ಕೈಗಳಲ್ಲಿ ಸವೆದು ನುಣುಪಾದ ಒಂದು ಕಾವಲು ಕೋಲಿತ್ತು. ಬೆಳಿಗ್ಗೆ ಅದು ಯಾರ ಬಾಗಿಲಿಗೆ ಒರಗಿರುತ್ತದೋ ಅಂದಿನ ಪಾಳಿ ಅವರದು; ಕಾವಲಿಗೆ ಹೋದವನು ಅಂದು ಸ್ವಂತ ಕೆಲಸಕ್ಕೆ ಕೈಹಾಕುವಂತಿಲ್ಲ. ಸಂಜೆ ಅದನ್ನು ಪಕ್ಕದ ಮನೆಯ ಬಾಗಿಲಿಗೆ ಒರಗಿಸಿದರೆ ಕೈ ತೊಳೆದುಕೊಂಡಂತೆ. ಕೋಲು ಕಳೆದವನಿಗೆ ಮಾತ್ರ ತಿಂಗಳಿಡೀ ಕಾಡು ಕಾಯುವುದೇ ಗತಿ.

ಯಾವ ಕೆಲಸ ಹೇಳಿದರೂ "ಸಾವಕಾಶವಾಗಿ ಆಗಲಿ ಬಿಡಿ" ಎನ್ನುತ್ತಿದ್ದುದರಿಂದ ನಮ್ಮ ನಾಯಕನಿಗೆ ಆ ಹೆಸರು. ಅಡುಗೆಮನೆಯ ಮಾಡು ಸೋರುತ್ತಿದೆ ಎಂದು ಹೆಂಡತಿ ಗೋಗರೆಯಲು ಶುರುಮಾಡಿ ಮೂರು ವರ್ಷವಾಗಿತ್ತು. ಕೊನೆಗೂ ಸ್ವಂತ ತೋಪಿನ ಹತ್ತು ಮರ ಕಡಿಸಿ ತೊಲೆ ಕೊಯ್ಯಿಸಲು ಗರಗಸದವರನ್ನು ನಾಳಿದ್ದಿಗೆ ಗೊತ್ತುಮಾಡಿದ್ದ. ತೋಪು ಊರಕಾಡಿಗೆ ಅಂಟಿಕೊಂಡೇ ಇದ್ದುದರಿಂದ, ಯಜಮಾನ ಎದುರಿಗೆ ನಿಂತು "ಇದು ನನ್ನ ಮರ" ಎಂದು ಮುಟ್ಟಿ ತೋರಿಸದೆ ಅವರು ಗರಗಸ ಇಡುತ್ತಿರಲಿಲ್ಲ. ಈ ಸಲ ತಪ್ಪಿದರೆ ಮತ್ತೆ ಅವರು ಈ ಕಡೆ ಬರುವುದು ಮುಂದಿನ ವರ್ಷವೇ.

ಅಂದು ಒಣಕಟ್ಟಿಗೆಯ ದಿನ. ವಾರಕ್ಕೊಮ್ಮೆ ಹೆಂಗಸರು ಕಾಡಿನಲ್ಲಿ ಬಿದ್ದ ಒಣಕಟ್ಟಿಗೆಯನ್ನು ಆರಿಸಿ ತರಬಹುದು. ನಡುವೆ ಹಸಿಕೊಂಬೆ ಸೇರಿದೆಯೇ ಎಂದು ಹೊರೆ ನೋಡಿ ಕಳಿಸುವುದು ಕಾವಲಿನವನ ಕೆಲಸ. ಸಾವಕಾಶಪ್ಪ ಕೋಲನ್ನು ಪಕ್ಕದಲ್ಲಿ ಮಲಗಿಸಿ, ಅದಕ್ಕೆ ಜೊತೆಯಾಗಿ ತಾನೂ ಮಲಗಿದ. ಹೆಂಗಸರ ಗಲಾಟೆಗೆ ಎದ್ದವನು ಕಣ್ಣುಜ್ಜುತ್ತಲೇ "ಸರಿ, ಸರಿ, ಹೋಗಮ್ಮಾ" ಎಂದು ಹನ್ನೊಂದು ಹೊರೆಗಳನ್ನು ಹನ್ನೊಂದು ತಲೆಗಳ ಮೇಲೆ ಎತ್ತಿಕೊಟ್ಟ. ಅವರೆಲ್ಲ ತಿರುವು ದಾಟಿದ ಮೇಲೆ ಕೋಲಿಗೆ ಕೈಚಾಚಿದರೆ ಸಿಕ್ಕಿದ್ದು ಬರೀ ಹುಲ್ಲು.

ಯಾರೋ ಕಟ್ಟಿಗೆಯೆಂದು ಹೊರೆಗೆ ಸೇರಿಸಿಕೊಂಡಿರಬೇಕು. ಒಣಗಿದ್ದು, ನೆಲಕ್ಕೆ ಬಿದ್ದದ್ದು, ಹಸಿಯಲ್ಲದ್ದು. ನಿಯಮದ ಪ್ರಕಾರ ಕೋಲೂ ಒಣಕಟ್ಟಿಗೆಯೇ. ಪರೀಕ್ಷೆ ಮಾಡಿ ಕಳಿಸಿದವನೂ ತಾನೇ!

ಹುಟ್ಟಿದಂದಿನಿಂದ ಓಡದವನು ಅಂದು ಓಡಿದ. ಮೊದಲು ಸಿಕ್ಕಿದ್ದು ಪಕ್ಕದ ಮನೆಯ ದರ್ಜಿ. ನಾಳಿನ ಪಾಳಿ ಅವನದೇ. ಕೋಲು ಕಳೆದಿದೆ ಎಂದು ಬಾಯಿಬಿಟ್ಟರೆ ಡಂಗುರ ಹೊಡೆಸಿದಂತೆ.

"ನಿಮ್ಮ ಹಿತ್ತಲಿನ ಸೌದೆ ಒಂಚೂರು ನೋಡ್ಬೇಕಿತ್ತು."

ದರ್ಜಿಯ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. "ಸೌದೆನಾ? ಯಾಕಣ್ಣಾ, ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ಯಾರೂ ಹೇಳಿಲ್ಲಪ್ಪ. ಸುಮ್ನೆ."

"ಸುಮ್ನೆ ಯಾರು ಸೌದೆ ನೋಡೋಕೆ ಬರ್ತಾರೆ? ಕೂತ್ಕೊಳ್ಳಿ, ಟೀ ಕುಡೀರಿ. ಆ ದಿಮ್ಮಿ ನಮ್ಮ ಮಾವ ಕೊಟ್ಟಿದ್ದು, ಕಾಡಿಂದಲ್ಲ!"

"ಯಾವ ದಿಮ್ಮಿ?"

"ಯಾವ್ದೂ ಇಲ್ಲ!"

ಸಾವಕಾಶಪ್ಪನಿಗೆ ದಿಮ್ಮಿಯ ಗೊಡವೆ ಬೇಕಿರಲಿಲ್ಲ. ಸೌದೆಯ ರಾಶಿಯನ್ನು ಬುಡಮೇಲು ಮಾಡಿ ಮುಂದಿನ ಮನೆಗೆ ಹೊರಟ. ಅವನಿಗಿಂತ ಮುಂಚೆ ಸುದ್ದಿ ಹೋಗಿತ್ತು: ಕಾವಲಿನವನು ಮನೆಮನೆ ಜಪ್ತಿ ಮಾಡುತ್ತಿದ್ದಾನೆ! ಕಮ್ಮಾರನ ಬಾವಿಯಲ್ಲಿ ದುಡುಮ್ಮೆಂದು ಏನೋ ಬಿದ್ದ ಸದ್ದಾಯಿತು. ಮೇಷ್ಟ್ರು ಹೊಸ ತೊಲೆಯ ಮೇಲೆ ಜಮಖಾನ ಹಾಸಿ ಕೂತಿದ್ದರು. ಇವನು ಹೋಗುವವರೆಗೂ ಅವರು ಮೇಲೇಳಲಿಲ್ಲ. ಹಾಲಿನ ಅಜ್ಜಿ ಕೇಳದಿದ್ದರೂ ಒಂದು ಕುಂಬಳಕಾಯಿ ಕೈಗಿಟ್ಟು, "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಾ, ಕೊಟ್ಟಿಗೆ ಕಡೆ ಮಾತ್ರ ಹೋಗ್ಬೇಡ, ಎಮ್ಮೆ ಹಾಯುತ್ತೆ" ಎಂದಳು. ಎಮ್ಮೆ ಆಗ ಬೀದಿಯಲ್ಲಿ ಮೇಯುತ್ತಿತ್ತು.

ಹತ್ತು ಮನೆ ಮುಗಿಯಿತು. ಹೊಟ್ಟೆಯಲ್ಲಿ ಆರು ಲೋಟ ಟೀ, ಕಂಕುಳಲ್ಲಿ ಕುಂಬಳಕಾಯಿ. ಕೋಲಿಲ್ಲ. ಹನ್ನೊಂದನೆಯ ಹೊರೆ ಯಾರದೆಂದು ತಲೆ ಕೆರೆದುಕೊಳ್ಳುತ್ತಾ ಮನೆಗೆ ಬಂದರೆ, ಅಡುಗೆಮನೆಯ ಬಾಗಿಲ ಹಿಂದೆ ಕೋಲು ತಣ್ಣಗೆ ನಿಂತಿದೆ.

"ಇದು... ಇಲ್ಲಿಗೆ ಹೇಗೆ ಬಂತೇ?"

"ನನ್ನ ಹೊರೆ ಒಳಗೆ," ಎಂದಳು ಹೆಂಡತಿ. "ಗೊರಕೆ ಹೊಡೀತಿದ್ರಿ. ಬೇರೆಯವ್ರು ಎತ್ಕೊಂಡು ಹೋದ್ರೆ ನಮ್ಮ ಮಾಡಿನ ಗತಿ ಏನು ಅಂತ ನಾನೇ ಸೇರಿಸ್ಕೊಂಡೆ. ಎಲ್ಲರೆದುರು ಕೊಟ್ರೆ ನಿಮ್ಮ ಮಾನ ಹೋಗ್ತಿತ್ತು. ನೀವೋ, ಹೆಂಡ್ತಿ ಅಂತ್ಲೂ ಗೊತ್ತಾಗ್ದೆ 'ಹೋಗಮ್ಮಾ' ಅಂದ್ರಿ! ನೆಟ್ಟಗೆ ಮನೆಗೆ ಬರೋದಲ್ವಾ? ಎಂದೂ ಇಲ್ಲದ ಆತುರ ಇವತ್ತೇ ಬರ್ಬೇಕಾ?"

ಸಾವಕಾಶಪ್ಪನಿಗೆ ಅವಳ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಕುಂಬಳಕಾಯಿ ಅವಳ ಕೈಗಿತ್ತು, ಕೋಲು ಹಿಡಿದು ದರ್ಜಿಯ ಮನೆಗೆ ಓಡಿದ. ಬೀಗ. ಊರೆಲ್ಲ ಶಾಲೆಯ ಜಗಲಿಯಲ್ಲಿ ಸೇರಿದೆ ಎಂದು ಯಾರೋ ಹೇಳಿದರು.

ಅಲ್ಲಿ ಕಾಡು ಸಮಿತಿಯ ಅಧ್ಯಕ್ಷರಾದ ನಿವೃತ್ತ ಪೋಸ್ಟ್‌ಮಾಸ್ಟರು ಅವನನ್ನು ಕಂಡೊಡನೆ ಎದ್ದು ನಿಂತರು. "ಬನ್ನಿ, ಬನ್ನಿ! ಇಪ್ಪತ್ತು ವರ್ಷದಲ್ಲಿ ಹೀಗೆ ಕಾವಲು ಕಾದವ್ರನ್ನ ನಾನು ನೋಡಿಲ್ಲ. ಇಂಥವ್ರಿಗೆ ಒಂದೇ ದಿನದ ಪಾಳಿ ಕೊಟ್ರೆ ಕಾಡಿಗೇ ಅನ್ಯಾಯ. ಒಂದು ವರ್ಷ ಪೂರ್ತಿ ಇವ್ರೇ ಕಾವಲಿರ್ಲಿ ಅಂತ ದರ್ಜಿ ಸೂಚಿಸಿದಾರೆ. ಒಪ್ಪಿಗೆ ಇದ್ದೋರು ಕೈ ಎತ್ತಿ."

ದರ್ಜಿ ಎರಡೂ ಕೈ ಎತ್ತಿ ಮೇಷ್ಟ್ರ ಕಿವಿಯಲ್ಲಿ ಪಿಸುಗುಟ್ಟಿದ: "ದಿನಾ ಕಾಡಲ್ಲಿದ್ರೆ ನಮ್ಮ ಹಿತ್ತಲಿಗೆ ಕಾಲಿಡಲ್ಲ." ಮೇಷ್ಟ್ರು, ಕಮ್ಮಾರ, ಹಾಲಿನ ಅಜ್ಜಿ, ಎಲ್ಲರ ಕೈಯೂ ಒಟ್ಟಿಗೆ ಮೇಲೆದ್ದಿತು.

ಅಧ್ಯಕ್ಷರು ಅವನ ಕೈಯಿಂದ ಕೋಲು ತೆಗೆದುಕೊಂಡು, ಎರಡೂ ಕೈಯಿಂದ ಮತ್ತೆ ಅವನಿಗೇ ಒಪ್ಪಿಸಿದರು. "ಇನ್ನು ಇದನ್ನ ಯಾರ ಬಾಗಿಲಿಗೂ ಒರಗಿಸ್ಬೇಡಿ."

"ಆದ್ರೆ ನಾಳಿದ್ದು ನನ್ನ ತೋಪಿಗೆ ಗರಗಸದವ್ರು... ನಮ್ಮ ಅಡುಗೆಮನೆ ಮಾಡು..." ಎಂದು ಸಾವಕಾಶಪ್ಪ ತೊದಲಿದ.

ಊರಿಗೆ ಊರೇ ಒಂದೇ ದನಿಯಲ್ಲಿ ಸಮಾಧಾನ ಹೇಳಿತು: "ಸಾವಕಾಶವಾಗಿ ಆಗಲಿ ಬಿಡಿ!"