ಹಿಂದುಗಡೆ ಬಿಗಿಯಾದ ಸೈಟು

ಹೆಂಡತಿಯನ್ನು ಹೊಗಳುವ ಗಂಡಸರನ್ನು ನಮ್ಮ ಹುಣಸೂರಿನಲ್ಲಿ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಒಂದೋ ಅವನು ಏನಾದರೂ ತಪ್ಪು ಮಾಡಿರಬೇಕು, ಇಲ್ಲವೇ ಮಾಡುವುದರಲ್ಲಿರಬೇಕು ಎಂಬ ನಂಬಿಕೆ. ನನ್ನ ಮಟ್ಟಿಗೆ ಮೊದಲನೆಯದು ನಿಜ. ಆದರೂ ಹೆಮ್ಮೆ ಎಂಬುದು ಬಿಕ್ಕಳಿಕೆಯ ಜಾತಿಯದು. ನಾಲ್ಕು ಜನರ ಮುಂದೆ ತಡೆಯಲು ಹೋದಷ್ಟೂ ಜೋರಾಗಿ ಬರುತ್ತದೆ. ಹಾಗಾಗಿ ಹೇಳಿಯೇಬಿಡುತ್ತೇನೆ.

ಇಪ್ಪತ್ತೆರಡು ವರ್ಷ ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವನು. ಜನ ಮೊಬೈಲು ಹಿಡಿದು ಎರಡೇ ಹೆಬ್ಬೆರಳಿನಲ್ಲಿ ಲೋಕವನ್ನೆಲ್ಲ ಟೈಪ್ ಮಾಡತೊಡಗಿದ ಮೇಲೆ, ಉಳಿದ ಎಂಟು ಬೆರಳಿಗೆ ಪಾಠ ಹೇಳುವವನನ್ನು ಕೇಳುವವರೇ ಇಲ್ಲವಾದರು. ಐವತ್ತರ ಹತ್ತಿರ ಹೊಸ ಕಸುಬು ಹುಡುಕುವುದು ಮದುವೆಮನೆಯಲ್ಲಿ ಕಡೇ ಪಂಕ್ತಿಗೆ ಕೂತ ಹಾಗೆ, ಉಳಿದದ್ದನ್ನು ಉಣ್ಣಬೇಕು. ನನಗೆ ಉಳಿದದ್ದು ಸೈಟ್ ವ್ಯಾಪಾರ. ಬರೀ ಬ್ರೋಕರ್ ಅನ್ನಿಸಿಕೊಳ್ಳಲು ಮನಸ್ಸೊಪ್ಪದೆ ಮೈಸೂರಿನಲ್ಲಿ ಒಂದು ದಿನದ ತರಬೇತಿಗೆ ಹೋದೆ. ಕೋಟು ತೊಟ್ಟ ತರುಣರೊಬ್ಬರು, “ಸೈಟ್ ಮಾರಬೇಡಿ ಸರ್, ಕನಸು ಮಾರಿ” ಎಂದರು. ಪಕ್ಕದಲ್ಲಿದ್ದ ಪಿರಿಯಾಪಟ್ಟಣದ ಹಿರಿಯರು ನನ್ನ ಕಿವಿಯಲ್ಲಿ, “ಕನಸ್ನ ಯಾವ ಆಪೀಸ್ನಲ್ಲಿ ರಿಜಿಸ್ಟ್ರು ಮಾಡ್ಸದು ಸಾ?” ಎಂದು ಕೇಳಿದರು. ನಾನು ನಗಲಿಲ್ಲ, ನೋಟ್ಸ್ ಬರೆದುಕೊಳ್ಳುತ್ತಿದ್ದೆ. ಊರಿಗೆ ಮರಳುವಾಗ ನನ್ನ ಮೊಬೈಲಿನಲ್ಲಿ ಜಮೀನು ಅಳೆಯುವ ಒಂದು ಆ್ಯಪ್, ವಿಡಿಯೊ ಮಾಡುವ ಇನ್ನೊಂದು, ನನ್ನ ಮುಖವನ್ನು ಬೆಳ್ಳಗೆ ತೋರಿಸುವ ಮತ್ತೊಂದು ಸೇರಿದ್ದವು.

ನನ್ನ ಹೆಂಡತಿ ಸುಮಿತ್ರ ಟೈಲರ್. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳ ಅಂಗಡಿ. ನಾನು ಕಸುಬು ಹುಡುಕುತ್ತಿದ್ದ ಅಷ್ಟೂ ದಿನ ಮನೆ ನಡೆದದ್ದು ಅವಳ ಮಿಷನ್ನಿನ ಮೇಲೆ. ಇದನ್ನು ನಾನು ಆಗ ಯಾರಿಗೂ ಹೇಳುತ್ತಿರಲಿಲ್ಲ.

ಕೆ.ಆರ್. ನಗರದ ರಸ್ತೆಯಲ್ಲಿ ಒಬ್ಬರು ಹೊಸ ಬಡಾವಣೆ ಮಾಡಿದ್ದರು. ಅದರ ಮೂಲೆಯ ಸೈಟೊಂದರ ಸುತ್ತ ಮೊಬೈಲು ಹಿಡಿದು ಪ್ರದಕ್ಷಿಣೆ ಹಾಕಿ, ವಿಡಿಯೊ ಮಾಡಿ, “ಮೂವತ್ತು ನಲವತ್ತು, ಪಕ್ಕಾ ಅಳತೆ, ಕಣ್ಮುಚ್ಚಿ ತಗೊಳ್ಳಿ” ಎಂದು ಎಲ್ಲ ವಾಟ್ಸಾಪ್ ಗುಂಪುಗಳಿಗೂ ಕಳಿಸಿದೆ. ಅದನ್ನು ಕಂಡು ಫೋನ್ ಮಾಡಿದವರು ಸರಗೂರಿನ ಸಿದ್ದರಾಜು, ಬಸ್ ಕಂಡಕ್ಟರು. ನಿವೃತ್ತಿ ಹತ್ತಿರವಿತ್ತು, ಗಂಡಹೆಂಡಿರಿಗೆ ಒಂದು ಮನೆ ಕಟ್ಟಿಕೊಳ್ಳುವ ಆಸೆ. ನನ್ನ ಮೊಟ್ಟಮೊದಲ ಗಿರಾಕಿ. ಅವರ ಹೆಂಡತಿಯೂ ಬರುತ್ತಾರೆಂದು ತಿಳಿದು ಸುಮಿತ್ರಳನ್ನೂ ಕರೆದುಕೊಂಡು ಹೊರಟೆ. ದಾರಿಯಲ್ಲಿ, “ನೀನು ಸುಮ್ನೆ ನಗ್ತಾ ನಿಂತಿರು, ಮಾತೆಲ್ಲ ನಾನಾಡ್ತೀನಿ” ಎಂದು ಎಚ್ಚರಿಸಿಯೂ ಇದ್ದೆ.

ಅವಳು ನಗಲಿಲ್ಲ. ಸೈಟಿನ ಮುಂದೆ ನಿಂತು, ಟ್ರಯಲ್ಲಿಗೆ ಬಂದವರ ರವಿಕೆ ನೋಡುವಂತೆ ಕಣ್ಣು ಕಿರಿದು ಮಾಡಿ, “ರೀ, ಇದು ಹಿಂದುಗಡೆ ಬಿಗಿ” ಎಂದಳು.

“ಆ್ಯಪ್‌ನಲ್ಲಿ ಸರಿಯಾಗಿ ಬಂದಿದೆ ಕಣೆ,” ಎಂದೆ ಹಲ್ಲು ಕಚ್ಚಿಕೊಂಡು.

“ಬಿಗಿ ಅಂದ್ರೆ ಏನಕ್ಕಾ?” ಸಿದ್ದರಾಜು ಕೇಳಿದರು.

“ಮುಂದ್ಗಡೆ ಸರ್ಯಾಗದೆ ಕಣಣ್ಣ. ಹಿಂದ್ಗಡೆ ಎರಡು ಮೂರು ಅಡಿ ಕಮ್ಮಿ ಬತ್ತದೆ.”

ಹೇಳಿದವಳೇ ಬ್ಯಾಗಿನಿಂದ ಬಟ್ಟೆ ಅಳೆಯುವ ಟೇಪು ತೆಗೆದು, ಸೆರಗು ಸಿಕ್ಕಿಸಿ, ಮಣ್ಣಿನಲ್ಲಿ ಕೂತು ಐದೈದು ಅಡಿಯಂತೆ ಅಳೆಯುತ್ತಾ ಹೋದಳು. ಮೂವತ್ತಿರಬೇಕಾದ ಹಿಂಬದಿ ಇಪ್ಪತ್ತೇಳು ಅಡಿ ನಾಲ್ಕು ಅಂಗುಲ. ನಾನು ನಂಬದೆ ಸ್ಕೂಟರಿನಲ್ಲಿ ಹೋಗಿ ಹಾರ್ಡ್‌ವೇರ್ ಅಂಗಡಿಯಿಂದ ನೂರಡಿ ಟೇಪು ತಂದೆ. ಅದೂ ಅಷ್ಟೇ ಹೇಳಿತು. ನನ್ನ ಮುಖ ಬೆಳ್ಳಗಾಗಲು ಆ ಹೊತ್ತಿನಲ್ಲಿ ಯಾವ ಆ್ಯಪೂ ಬೇಕಾಗಲಿಲ್ಲ.

ಬಡಾವಣೆಯ ಮಾಲೀಕರಿಗೆ ಫೋನ್ ಮಾಡಿದೆ. ಬಂದವರು ನನ್ನನ್ನು ಪಕ್ಕಕ್ಕೆ ಕರೆದರು. “ಏನ್ ಮೇಷ್ಟ್ರೇ, ಎರಡಡಿ ಯಾರು ಅಳೀತಾರೆ ಬುಡಿ. ಮಾತಾಡ್ದೆ ಮುಗ್ಸಿ. ಉಳಿದ ಸೈಟೆಲ್ಲ ನೀವೇ ಮಾರೀರಂತೆ.” ಒಂದಕ್ಷರ ತಪ್ಪಿದರೆ ಇಡೀ ಹಾಳೆಯನ್ನೇ ಹರಿದುಹಾಕಿಸಿ ಮತ್ತೆ ಟೈಪ್ ಮಾಡಿಸುತ್ತಿದ್ದ ನಾನು, ಆ ಕ್ಷಣದಲ್ಲಿ ಎರಡೂವರೆ ಅಡಿಗೆ ಕಣ್ಣು ಮುಚ್ಚಿಕೊಳ್ಳಲು ಬಹುಮಟ್ಟಿಗೆ ತಯಾರಾಗಿದ್ದೆ. ಇದೇ ನಾನು ಮೊದಲಿಗೆ ಹೇಳಿದ ತಪ್ಪು.

ಸುಮಿತ್ರ ಅಲ್ಲಿಗೇ ಬಂದಳು. “ಅಣ್ಣಾ, ರವಿಕೆ ಬಿಗಿಯಾದ್ರೆ ಬಿಚ್ಚಿ ಸಡ್ಲ ಮಾಡ್ಕೊಡ್ತೀನಿ. ಅದ್ಕೇ ಅಂತ ಒಳಗೆ ಬಟ್ಟೆ ಬಿಟ್ಟಿರ್ತೀನಿ. ನೀವು ಇಲ್ಲಿ ಒಳಗೆ ಏನಾರ ಬಿಟ್ಟಿದೀರಾ?”

ಸಿದ್ದರಾಜುವಿನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡರು. ನನಗೆ ಅದೆಲ್ಲಿಂದಲೋ ಧೈರ್ಯ ಬಂದು, “ಇರೋ ಅಳತೇನೇ ಪತ್ರದಲ್ಲಿ ಬರೀಬೇಕು ಸ್ವಾಮಿ. ಇಲ್ದಿದ್ರೆ ಗುಂಪುಗಳಿಂದ ನನ್ನ ವಿಡಿಯೊ ಅಳಿಸಿಬಿಡ್ತೀನಿ” ಎಂದೆ. ಮಾಲೀಕರು ಬೈದುಕೊಂಡು ಗಾಡಿ ಹತ್ತಿದರು. ಮೊದಲ ವ್ಯಾಪಾರವೇ ಹೋಯಿತೆಂದು ನಾನು ಕಲ್ಲಿನ ಮೇಲೆ ಕೂತುಬಿಟ್ಟೆ.

ಆದರೆ ಕಂಡಕ್ಟರ ಬಾಯಿಗೆ ಬಿದ್ದ ಮಾತಿಗೆ ಪ್ರತ್ಯೇಕ ಮಾರ್ಕೆಟಿಂಗ್ ಬೇಕಿಲ್ಲ. ಹುಣಸೂರಿನಿಂದ ಎಚ್.ಡಿ. ಕೋಟೆ, ಅಲ್ಲಿಂದ ಸರಗೂರು, ಪ್ರತಿ ಸ್ಟಾಪಿನಲ್ಲೂ ಟಿಕೆಟ್ಟಿನ ಜೊತೆಗೆ ಈ ಕಥೆಯನ್ನೂ ಅವರು ಹರಿದು ಕೊಟ್ಟರು. ವಾರದೊಳಗೆ ಬಡಾವಣೆಗೆ ಬಂದವರೆಲ್ಲ ಕೈಯಲ್ಲಿ ಟೇಪು ಹಿಡಿದೇ ಬರತೊಡಗಿದರು. ಮಾಲೀಕರು ಬೇರೆ ದಾರಿ ಕಾಣದೆ ಸರ್ವೇ ಮಾಡಿಸಿ, ಎಲ್ಲ ಸೈಟಿಗೂ ಹೊಸದಾಗಿ ಕಲ್ಲು ನೆಡಿಸಿದರು. ಮೂಲೆಯ ಸೈಟನ್ನು ಅದರ ನಿಜವಾದ ಅಳತೆಗೇ, ಅದಕ್ಕೆ ತಕ್ಕ ಬೆಲೆಗೇ ಸಿದ್ದರಾಜುವೇ ಕೊಂಡರು. “ಬಿಗಿ ಅಂತ ಗೊತ್ತಿದ್ದೇ ತಗಂಡ್ರೆ ಬಿಗಿ ಅನ್ಸಲ್ಲ ಬುಡಿ ಸಾ” ಎಂದರು.

ಈಗ ನಮ್ಮ ವಿಡಿಯೊಗಳಲ್ಲಿ ಸುಮಿತ್ರಳೇ ಮಾತಾಡುತ್ತಾಳೆ. ಅಕ್ಕಿ ಗಿರಣಿಯ ಸದ್ದು, ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ, ಎಲ್ಲವನ್ನೂ ಮೊದಲೇ ಹೇಳಿಬಿಡುತ್ತಾಳೆ. ಆಮೇಲೆ ಉಳಿದ ಒಳ್ಳೆಯದನ್ನು ಜನ ತಾವೇ ಹುಡುಕಿಕೊಳ್ಳುತ್ತಾರೆ. ಸಾಲಿಗ್ರಾಮದಿಂದಲೂ ಫೋನ್ ಬರುತ್ತದೆ: “ಮೇಡಂ ಬತ್ತಾರಾ ಸಾ? ಅವ್ರು ಬಂದ್ರೆ ನಾವೂ ಬತ್ತೀವಿ.” ಅವಳಿಗೆ ಅಂಗಡಿಯಿಂದ ಬಿಡುವು ಭಾನುವಾರ ಮಾತ್ರ. ಆ ಭಾನುವಾರಗಳನ್ನು ಹಂಚುವ ಅಧಿಕಾರ ನನ್ನದು, ಅದನ್ನು ಗತ್ತಿನಿಂದಲೇ ಚಲಾಯಿಸುತ್ತೇನೆ.

ಅಳತೆಯ ಕೆಲಸದಲ್ಲೂ ನನಗೆ ಪಾಲಿದೆ. ನೂರಡಿ ಟೇಪಿಗೆ ಎರಡು ತುದಿ. ಒಂದರಲ್ಲಿ ಅಳತೆ ಓದಬೇಕು, ಅದು ಅವಳದು. ಇನ್ನೊಂದನ್ನು ಕಲ್ಲಿಗೆ ಒತ್ತಿ ಹಿಡಿದು ಕದಲದೆ ಕೂರಬೇಕು. ಅಲ್ಲಿ ಸೊನ್ನೆ ಎಂದು ಬರೆದಿರುತ್ತದೆ. ಹೋದ ಭಾನುವಾರ ನಾನು ಹಾಗೆ ಕೂತಿದ್ದಾಗ ಸೈಟು ನೋಡಲು ಬಂದಿದ್ದ ಹೆಂಗಸೊಬ್ಬರು, “ಇವ್ರು ನಿಮ್ಮ ಅಸಿಸ್ಟೆಂಟಾ ಮೇಡಂ?” ಎಂದು ಕೇಳಿದರು.

ಸುಮಿತ್ರ ನನ್ನ ಕಡೆ ಒಮ್ಮೆ ನೋಡಿ, “ಹೂಂ ಕಣಮ್ಮ, ಹೊಸಬ್ರು. ಕಲ್ತ್ಕತಾವ್ರೆ” ಎಂದಳು.